ಹತ್ತಕ್ಕೆ ಟೆಸ್ಟ್, ಹತ್ತು ಗಂಟೆ ಒಂದು ನಿಮಿಷಕ್ಕೆ ಸೈಟ್ ಮಲಗಿತು. ದೊಡ್ಡ ಸರ್ವರ್ ಕೊಳ್ಳಬೇಕಾ?

ಹೇಮಾವತಿ_ಮೇಷ್ಟ್ರು · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಕಂಪ್ಯೂಟರ್ ಸ್ವಲ್ಪ ಗೊತ್ತು ಅಂತ ಒಮ್ಮೆ ಬಾಯಿ ಬಿಟ್ಟ ತಪ್ಪಿಗೆ ಕಾಲೇಜಿನ ಮೂಡಲ್ ಸೈಟ್ (ಆನ್‌ಲೈನ್ ಪಾಠ, ಟೆಸ್ಟ್ ನಡೆಸುವ ಸಾಫ್ಟ್‌ವೇರ್) ನೋಡಿಕೊಳ್ಳುವ ಕೆಲಸವೂ ನನ್ನ ತಲೆಗೇ ಬಂದಿದೆ. ನೋಟ್ಸ್ ಹಾಕುವುದು, ಅಸೈನ್‌ಮೆಂಟ್ ತೆಗೆದುಕೊಳ್ಳುವುದು, ಇಷ್ಟು ಎರಡು ವರ್ಷದಿಂದ ಚೆನ್ನಾಗಿ ನಡೆದಿತ್ತು. ಈ ಸಲ ಮೊದಲ ಇಂಟರ್ನಲ್ ಟೆಸ್ಟನ್ನೂ ಅದರಲ್ಲೇ ಮಾಡೋಣ ಅಂದರು ಪ್ರಿನ್ಸಿಪಾಲರು.

ಇವತ್ತು ಬೆಳಿಗ್ಗೆ 10 ಗಂಟೆಗೆ ಟೆಸ್ಟ್. 420 ಮಕ್ಕಳು, 30 ಪ್ರಶ್ನೆ, 30 ನಿಮಿಷ. ಹೆಸರೇನೋ ಮೂಡಲ್, ಆದರೆ 10:01ಕ್ಕೆ ಮುಳುಗಿತು. ಮೊದಲು ಪುಟ ಸುತ್ತುತ್ತಾ ಕೂತಿತು, ಆಮೇಲೆ 508 ಅಂತ ಏನೋ ಬಂತು. ಮನೆಯಲ್ಲಿ ಕೂತಿದ್ದ ಮಕ್ಕಳಿಗೆ 10:20ರ ಹೊತ್ತಿಗೆ ಪ್ರಶ್ನೆ ಕಾಣಿಸಿದೆ. ವಿಚಿತ್ರ ಅಂದರೆ, ನಮ್ಮ ಲ್ಯಾಬಿನಲ್ಲೇ ಕೂತಿದ್ದ 60 ಮಕ್ಕಳಿಗೆ 11 ಗಂಟೆಯಾದರೂ ತೆರೆಯಲಿಲ್ಲ. ಹೊರಗಿನವರಿಗೆ ಬರುತ್ತೆ, ಕಾಲೇಜಿನ ಒಳಗೆ ಬರಲ್ಲ!

ನಮ್ಮದು ಶೇರ್ಡ್ ಹೋಸ್ಟಿಂಗ್, ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುವ ಬಾಡಿಗೆ. ವರ್ಷಕ್ಕೆ 4 ಸಾವಿರ ಚಿಲ್ಲರೆ ಕೊಡುತ್ತೇವೆ. ಪ್ಲಾನಿನ ಹೆಸರಲ್ಲೇ ‘ಅನ್‌ಲಿಮಿಟೆಡ್’ ಅಂತಿದೆ. ಫೋನ್ ಮಾಡಿದರೆ ‘ಸರ್, ದೊಡ್ಡ ಪ್ಲಾನಿಗೆ ಬನ್ನಿ’ ಅನ್ನುತ್ತಾರೆ. ಅದು ವರ್ಷಕ್ಕೆ 38 ಸಾವಿರ. ಪ್ರಿನ್ಸಿಪಾಲರು ‘ಕೊಂಡರೆ ಸರಿ ಹೋಗುತ್ತೆ ಅಂತ ಬರೆದು ಕೊಡ್ತೀರಾ?’ ಅಂತ ಕೇಳಿದರು. ನನ್ನ ಕೈ ನಡುಗಿತು. ಏನು ಬರೆಯಲಿ?

ಸುಮ್ನೆ_ಒಂದ್_ಮಾತು · ಸೋಮವಾರ, ರಾತ್ರಿ 9:58

ಗೂಗಲ್ ಫಾರ್ಮ್ ಮಾಡಿ ಮಲಗಿ ಸರ್. ಎಲ್ಲದಕ್ಕೂ ಸ್ವಂತ ಸೈಟ್ ಯಾಕೆ? ಮನೆಗೊಂದು ಬಾವಿ ಇದ್ದ ಕಾಲ ಹೋಯ್ತು, ಈಗ ನಲ್ಲಿ ನೀರು.

ಲಾಗ್_ನೋಡೋಣ · ಸೋಮವಾರ, ರಾತ್ರಿ 10:25

ಮೇಷ್ಟ್ರೇ, ಏನೂ ಬರೆದು ಕೊಡಬೇಡಿ. ಇನ್ನೂ ಕಾಯಿಲೆ ಯಾವುದು ಅಂತಲೇ ಗೊತ್ತಿಲ್ಲ, ಔಷಧಿಗೆ 38 ಸಾವಿರ ಯಾಕೆ?

ನಾನು ಹುಬ್ಬಳ್ಳಿ ಕಡೆ ಒಂದು ಎಂಜಿನಿಯರಿಂಗ್ ಕಾಲೇಜಿನ ಸರ್ವರ್ ನೋಡಿಕೊಳ್ಳುತ್ತೇನೆ. ನಮಗೂ ಇದೇ ಪೂಜೆ ಆಗಿದೆ. ನಾಲ್ಕು ವಿಷಯ ಹೇಳಿ. ಸರ್ವರ್ ಎಲ್ಲಿದೆ? (ಕಂಪ್ಯೂಟರಿನಿಂದ ಪಿಂಗ್ ಮಾಡಿ, ಸಂದೇಶ ಸರ್ವರ್‌ಗೆ ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಅಂತ ನೋಡಿ.) ಪ್ಲಾನಿನಲ್ಲಿ ‘ಎಂಟ್ರಿ ಪ್ರೋಸೆಸ್’ ಅಂತ ಒಂದು ಸಾಲು ಇರುತ್ತೆ, ಅದೆಷ್ಟು? ಒಂದೊಂದು ಪುಟಕ್ಕೆ ಎಷ್ಟು ಪ್ರಶ್ನೆ ಇಟ್ಟಿದ್ದಿರಿ? ಪ್ರಶ್ನೆಯಲ್ಲಿ ಚಿತ್ರ ಇದೆಯಾ?

508 ಅನ್ನುವುದು ಒಳ್ಳೆಯ ಸುಳಿವು. ಸಾಮಾನ್ಯವಾಗಿ ಕ್ಲೌಡ್‌ಲಿನಕ್ಸ್ (ಒಬ್ಬೊಬ್ಬ ಬಾಡಿಗೆದಾರನಿಗೂ ಮಿತಿ ಹಾಕುವ ವ್ಯವಸ್ಥೆ) ಹಾಕಿರುವ ಶೇರ್ಡ್ ಸರ್ವರ್‌ಗಳಲ್ಲಿ ನಿಮ್ಮ ಪಾಲಿನ ಮಿತಿ ಮುಟ್ಟಿದಾಗ ಬರುವ ಸಂದೇಶ ಅದು. ಸರ್ವರ್ ಕೆಟ್ಟಿಲ್ಲ. ನಿಮ್ಮನ್ನು ಬಾಗಿಲಲ್ಲೇ ನಿಲ್ಲಿಸಿದ್ದಾರೆ, ಅಷ್ಟೆ.

ಹೇಮಾವತಿ_ಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 7:15

ನೋಡಿದೆ ಸರ್. ಎಂಟ್ರಿ ಪ್ರೋಸೆಸ್ 20. ಸಿಪಿಯು 1 ಕೋರ್, ರ‍್ಯಾಮ್ 1 ಜಿಬಿ. ಪಿಂಗ್ 240 ಮಿಲಿಸೆಕೆಂಡ್ ಹತ್ತಿರ ಬರುತ್ತಿದೆ. ಬಿಲ್ ರೂಪಾಯಿಯಲ್ಲಿ ಬರುತ್ತೆ, ಆದ್ದರಿಂದ ಸರ್ವರ್ ಇಲ್ಲೇ ಇದೆ ಅಂದುಕೊಂಡಿದ್ದೆ.

ಒಂದು ಪುಟಕ್ಕೆ ಒಂದೇ ಪ್ರಶ್ನೆ. ಚಿತ್ರ ಇದೆಯಾ ಅಂದರೆ... ಕನ್ನಡದ ಮೇಡಂ ಕೊಟ್ಟ ಪ್ರಶ್ನೆಗಳು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು. ಅಂಟಿಸಿದರೆ ‘PÀ£ÀßqÀ’ ಅಂತ ಏನೇನೋ ಬರುತ್ತಿತ್ತು. ಅದಕ್ಕೆ ಪ್ರತಿ ಪ್ರಶ್ನೆಯ ಸ್ಕ್ರೀನ್‌ಶಾಟ್ ತೆಗೆದು ಎಡಿಟರ್‌ನಲ್ಲಿ ಅಂಟಿಸಿಬಿಟ್ಟೆ. ತಪ್ಪಾ?

ಲಾಗ್_ನೋಡೋಣ · ಮಂಗಳವಾರ, ಬೆಳಿಗ್ಗೆ 11:02

ತಪ್ಪು ಅನ್ನುವುದಕ್ಕಿಂತ, ಕರ್ನಾಟಕದ ಅರ್ಧ ಮೇಷ್ಟ್ರುಗಳು ಮಾಡುವ ಕೆಲಸ ಅದು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಲೆಕ್ಕ ಮಾಡೋಣ, ನೀವು ಕಾಮರ್ಸ್‌ನವರು, ಖುಷಿಯಾಗುತ್ತೆ.

ಒಬ್ಬ ಹುಡುಗ ಟೆಸ್ಟ್ ಶುರು ಮಾಡಲು ಎಷ್ಟು ಸಲ ಸರ್ವರ್ ಬಾಗಿಲು ತಟ್ಟುತ್ತಾನೆ? ಲಾಗಿನ್ ಪುಟ, ಪಾಸ್‌ವರ್ಡ್ ಕೊಟ್ಟಿದ್ದು, ಡ್ಯಾಶ್‌ಬೋರ್ಡ್, ಕೋರ್ಸ್, ಕ್ವಿಜ್, ‘ಶುರು’ ಗುಂಡಿ. ಹೆಚ್ಚುಕಡಿಮೆ 6 ಪುಟ. 420 ಮಕ್ಕಳಿಗೆ 2,520 ಪುಟ. ಎಲ್ಲವೂ 10 ಗಂಟೆಯ ಆಚೀಚೆ ಒಂದೆರಡು ನಿಮಿಷದಲ್ಲಿ.

ಸರಿಯಾಗಿ ಹೊಂದಿಸದ ಮೂಡಲ್‌ನಲ್ಲಿ ಒಂದು ಪುಟ ತಯಾರಾಗಲು ಸಿಪಿಯು 0.4 ಸೆಕೆಂಡ್ ದುಡಿಯುತ್ತೆ ಅಂತ ಇಟ್ಟುಕೊಳ್ಳಿ. ಕೋರ್ (ಸಿಪಿಯುವಿನೊಳಗೆ ದುಡಿಯುವ ಕೈ) ಒಂದೇ. 2,520 × 0.4 = 1,008 ಸೆಕೆಂಡ್. ಅಂದರೆ ಹತ್ತಿರ ಹತ್ತಿರ 17 ನಿಮಿಷ. ಮನೆಯ ಮಕ್ಕಳಿಗೆ 10:20ಕ್ಕೆ ಪ್ರಶ್ನೆ ಬಂತು ಅಂದಿರಲ್ಲ? ಸರ್ವರ್ ಪಾಪ, ಸುಮ್ಮನೆ ಕೂತಿರಲಿಲ್ಲ. ಕ್ಯೂ ಕರಗಿಸುತ್ತಿತ್ತು.

ಇದಕ್ಕೆ ರಿಫ್ರೆಶ್ ಸೇರಿಸಿ. ಪುಟ ಬರಲಿಲ್ಲ ಅಂತ ಹುಡುಗ ಒತ್ತುತ್ತಾನೆ. ಮುಂಚಿನ ಕೋರಿಕೆ ಅಲ್ಲೇ ಒಳಗೆ ಬೇಯುತ್ತಿರುತ್ತೆ, ಹೊಸದೊಂದು ಹಿಂದೆ ಬಂದು ನಿಲ್ಲುತ್ತೆ. ನಾಲ್ಕು ಸಲ ಒತ್ತಿದರೆ ಒಬ್ಬನೇ ನಾಲ್ಕು ಜನ ಆದ ಹಾಗೆ. ಎಂಟ್ರಿ ಪ್ರೋಸೆಸ್ 20 ಅಂದರೆ ಒಳಗೆ 20 ಜನಕ್ಕೆ ಮಾತ್ರ ಜಾಗ. 21ನೆಯವನಿಗೆ 508.

‘ಅನ್‌ಲಿಮಿಟೆಡ್’ ಅನ್ನುವುದು ಡಿಸ್ಕ್ ಮತ್ತು ಡೇಟಾ ಬಗ್ಗೆ ಹೇಳಿದ ಮಾತು. ಊಟ ಅನ್‌ಲಿಮಿಟೆಡ್, ಆದರೆ ಹೋಟೆಲಿನಲ್ಲಿ ಟೇಬಲ್ ಒಂದೇ.

ಟಿಕೆಟ್_ನಂಬರ್_7 · ಮಂಗಳವಾರ, ಮಧ್ಯಾಹ್ನ 1:30

ನಾನು ಬೆಂಗಳೂರಿನಲ್ಲಿ ಹೋಸ್ಟಿಂಗ್ ಸಪೋರ್ಟ್ ಕೆಲಸ ಮಾಡುವವನು. ಯಾವ ಕಂಪನಿ ಅಂತ ಕೇಳಬೇಡಿ. ನಮ್ಮ ಕಡೆಯಿಂದಲೂ ಒಂದು ಮಾತು ಕೇಳಿ. ಆ 4 ಸಾವಿರದ ಪ್ಲಾನ್ ಇರುವುದು ಕಿರಾಣಿ ಅಂಗಡಿ, ಮದುವೆ ಛತ್ರ, ಡಾಕ್ಟರ ಕ್ಲಿನಿಕ್ ಇಂಥವರ ನಾಲ್ಕು ಪುಟದ ಸೈಟಿಗೆ. ಒಂದೇ ಮೆಷಿನ್‌ನಲ್ಲಿ ನೂರಾರು ಜನ ಬಾಡಿಗೆಗೆ ಇರುತ್ತಾರೆ. ಮಿತಿ ಹಾಕದಿದ್ದರೆ ನಿಮ್ಮ ಟೆಸ್ಟಿಗೆ ಪಕ್ಕದ ಮನೆಯವರ ಸೈಟ್ ಸಾಯುತ್ತೆ.

ಲ್ಯಾಬಿನ ವಿಚಿತ್ರಕ್ಕೆ ನನ್ನ ಹತ್ತಿರ ಉತ್ತರ ಇದೆ ಅಂದುಕೊಂಡಿದ್ದೇನೆ. ಕಾಲೇಜಿನ 60 ಕಂಪ್ಯೂಟರೂ ಒಂದೇ ಬ್ರಾಡ್‌ಬ್ಯಾಂಡ್ ಮೂಲಕ ಹೊರಗೆ ಬರುತ್ತವೆ. ಹೊರಗಿನಿಂದ ನೋಡುವವನಿಗೆ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಮನೆ ನಂಬರ್ ಇದ್ದ ಹಾಗೆ) ಒಂದೇ. ಒಂದೇ ಐಪಿಯಿಂದ ಎರಡು ನಿಮಿಷದಲ್ಲಿ ನೂರಾರು ಲಾಗಿನ್ ಪ್ರಯತ್ನ, ಅದರಲ್ಲಿ ಒಂದಷ್ಟು ತಪ್ಪು ಪಾಸ್‌ವರ್ಡ್. ಸರ್ವರ್ ಕಾಯುವ ಫೈರ್‌ವಾಲ್ ಏನಂದುಕೊಳ್ಳುತ್ತೆ? ಕಳ್ಳ ಬಂದ ಅಂತ ಬಾಗಿಲು ಹಾಕುತ್ತೆ, ಒಂದು ಗಂಟೆ ತೆಗೆಯಲ್ಲ. ಮನೆಯ ಮಕ್ಕಳದು ಬೇರೆ ಬೇರೆ ಐಪಿ, ಅವರಿಗೆ ತೊಂದರೆ ಇಲ್ಲ. ಟಿಕೆಟ್ (ಲಿಖಿತ ದೂರು) ಹಾಕಿ, ‘ನಮ್ಮ ಐಪಿ ಬ್ಲಾಕ್ ಆಗಿತ್ತಾ’ ಅಂತ ನೇರವಾಗಿ ಕೇಳಿ. ‘ಸೈಟ್ ಸ್ಲೋ’ ಅಂತ ಬರೆದರೆ ನಮ್ಮವರು ‘ಕ್ಯಾಶೆ ಕ್ಲಿಯರ್ ಮಾಡಿ’ ಅಂತ ಬರೆದು ಮುಚ್ಚುತ್ತಾರೆ. ನಾನೂ ಹಾಗೆ ಮುಚ್ಚಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಕಾಫಿತೋಟ_ಬಿಎಸ್ಸಿ · ಮಂಗಳವಾರ, ಸಂಜೆ 6:45

ನಾನು ಕೊಪ್ಪ ಕಡೆಯ ಸ್ಟೂಡೆಂಟ್. ನಮ್ಮ ಕಾಲೇಜು ಬೇರೆ, ಆದರೆ ಕಥೆ ಇದೇ. ಮೇಷ್ಟ್ರುಗಳು ಯಾವಾಗಲೂ ಸರ್ವರ್ ಬಗ್ಗೆ ಮಾತಾಡುತ್ತೀರಿ. ನಮ್ಮ ಕಡೆ ಬಂದು ನೋಡಿ. ಮನೆಯಲ್ಲಿ ನೆಟ್‌ವರ್ಕ್ ಒಂದು ಕಡ್ಡಿ. ಲಾಕ್‌ಡೌನ್‌ನಲ್ಲಿ ತೋಟದ ಮೇಲಿನ ಬಂಡೆ ಹತ್ತಿ ಕ್ಲಾಸ್ ಕೇಳಿದವಳು ನಾನು. ಸುಳ್ಯ ಕಡೆ ಮಳೆಯಲ್ಲಿ ಮಗಳು ರಸ್ತೆ ಬದಿ ಕೂತು ಕ್ಲಾಸ್ ಕೇಳುವಾಗ ಅಪ್ಪ ಛತ್ರಿ ಹಿಡಿದು ನಿಂತಿದ್ದ ಫೋಟೋ 2021ರಲ್ಲಿ ಎಲ್ಲರೂ ನೋಡಿದ್ದೀರಿ. ನಮ್ಮ ಊರಲ್ಲಿ ಹಾಗೆ ಕೂತವರು ಸುಮಾರು ಜನ.

ಒಂದು ಪುಟಕ್ಕೆ ಒಂದು ಪ್ರಶ್ನೆ ಇಟ್ಟರೆ 30 ಸಲ ‘ಮುಂದೆ’ ಒತ್ತಬೇಕು. ಒತ್ತಿದಾಗಲೆಲ್ಲ ಎದೆ ಡವಡವ. ನೆಟ್‌ವರ್ಕ್ ಬಿಟ್ಟರೆ ಗಡಿಯಾರ ಮಾತ್ರ ಓಡುತ್ತೆ.

ಲಾಗ್_ನೋಡೋಣ · ಮಂಗಳವಾರ, ರಾತ್ರಿ 9:10

ತಂಗಿ, ಸರಿಯಾಗಿ ಹೇಳಿದೆ. ಮೇಷ್ಟ್ರೇ, ಆ ಸ್ಕ್ರೀನ್‌ಶಾಟ್ ಕಥೆಗೆ ಈಗ ಬರುತ್ತೇನೆ.

ಎಡಿಟರ್‌ನಲ್ಲಿ ನೇರವಾಗಿ ಅಂಟಿಸಿದ ಚಿತ್ರ ಎಷ್ಟೋ ಸಲ ಫೈಲ್ ಆಗಿ ಉಳಿಯಲ್ಲ. ಬೇಸ್64 ಅನ್ನುವ ಅಕ್ಷರದ ರಾಶಿಯಾಗಿ ಪ್ರಶ್ನೆಯ ಪಠ್ಯದೊಳಗೇ ಸೇರಿಕೊಳ್ಳುತ್ತೆ. ಗಾತ್ರ ಮೂರನೇ ಒಂದರಷ್ಟು ಹೆಚ್ಚುತ್ತೆ. ಡೇಟಾಬೇಸ್ ಊದುತ್ತೆ. ಬ್ರೌಸರ್‌ಗೆ ಅದನ್ನು ಬೇರೆ ಚಿತ್ರದ ಹಾಗೆ ಉಳಿಸಿಕೊಳ್ಳಲು ಬರಲ್ಲ, ಪುಟ ತೆರೆದಾಗಲೆಲ್ಲ ಪೂರ್ತಿ ಮತ್ತೆ ಇಳಿಯಬೇಕು. ನೀವು ಪ್ರಶ್ನೆಗೆ 200 ಕೆಬಿ ಚಿತ್ರ ಹಾಕಿದ್ದರೆ 30ಕ್ಕೆ 6 ಎಂಬಿ. ಬೇಸ್64 ಆದಮೇಲೆ 8 ಎಂಬಿ. ಈ ತಂಗಿಯ ಬಂಡೆಯ ಮೇಲೆ 200 ಕೆಬಿಪಿಎಸ್ ಸಿಕ್ಕಿತು ಅನ್ನಿ. 8 ಎಂಬಿ ಅಂದರೆ 64 ಮೆಗಾಬಿಟ್, 320 ಸೆಕೆಂಡ್. 30 ನಿಮಿಷದ ಟೆಸ್ಟಿನಲ್ಲಿ ಐದು ನಿಮಿಷಕ್ಕಿಂತ ಜಾಸ್ತಿ ಬರೀ ಚಿತ್ರ ಇಳಿಯಲು ಹೋಯ್ತು. ಅದೇ ಪ್ರಶ್ನೆ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಕ್ಷರದಲ್ಲಿದ್ದರೆ? ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್. 30 ಪ್ರಶ್ನೆ ಎಲ್ಲ ಸೇರಿ 30–40 ಕೆಬಿ ದಾಟಲ್ಲ. ಕುಗ್ಗಿಸಿ ಕಳಿಸಿದರೆ ಇನ್ನೂ ಕಡಿಮೆ.

38 ಸಾವಿರದ ಸರ್ವರ್ ಕೊಂಡರೂ ಈ 320 ಸೆಕೆಂಡ್ ಒಂದು ಸೆಕೆಂಡೂ ಕಡಿಮೆ ಆಗಲ್ಲ.

ನುಡಿ_ಬರಹ_ಎರಡೂ · ಮಂಗಳವಾರ, ರಾತ್ರಿ 9:50

ಕನ್ನಡದ ಮೇಡಂ ಪರವಾಗಿ ನಾನು ಮಾತಾಡಬೇಕು, ಏಕೆಂದರೆ ನಾನೂ ಒಬ್ಬಳು ಕನ್ನಡದ ಮೇಡಂ. 😀 ನಮ್ಮ ಹಳೆಯ ಪ್ರಶ್ನೆಪತ್ರಿಕೆ ಎಲ್ಲ ನುಡಿಯ ಹಳೆಯ ಫಾಂಟಿನಲ್ಲೇ ಇವೆ. ಇಪ್ಪತ್ತು ವರ್ಷದ ಕೆಲಸ. ಬಿಸಾಡಲು ಆಗುತ್ತಾ?

ಪರಿವರ್ತಕಗಳಿವೆ, ಹಳೆಯ ಫಾಂಟಿನಿಂದ ಯೂನಿಕೋಡಿಗೆ ನಿಮಿಷದಲ್ಲಿ ಬದಲಾಗುತ್ತೆ. ಆದರೆ ಕಣ್ಣು ಮುಚ್ಚಿ ನಂಬಬೇಡಿ. ಅರ್ಕಾವೊತ್ತು ಬಂದ ಕಡೆ ಎಡವುತ್ತೆ. ‘ಕಾರ್ಯ’, ‘ಸೂರ್ಯ’, ‘ಕರ್ನಾಟಕ’ ಇಂಥ ಪದ ಹುಡುಕಿ ಹುಡುಕಿ ನೋಡಿ. ಅಂಕಿಗಳೂ ಒಮ್ಮೊಮ್ಮೆ ಕೈ ಕೊಡುತ್ತವೆ. 30 ಪ್ರಶ್ನೆಗೆ ಅರ್ಧ ಗಂಟೆ ಸಾಕು. ಇನ್ನೊಂದು: ಪ್ರಶ್ನೆಗಳನ್ನು ಎಕ್ಸೆಲ್‌ನಿಂದ ಹಾಕುವುದಾದರೆ ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಅಂತಲೇ ಆರಿಸಿ. ಬರೀ ಸಿಎಸ್‌ವಿ ಅಂದರೆ ಕನ್ನಡ ಎಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತೆ. ಪ್ರಶ್ನೆಪತ್ರಿಕೆಗೆ ಅದು ಒಂದು ರೀತಿ ಸರಿಯೇ, ಆದರೆ ಮಕ್ಕಳಿಗೆ ಉತ್ತರ ಬರೆಯಲು ಕಷ್ಟ.

ನಿವೃತ್ತ_ಚಾಕ್‌ಪೀಸ್ · ಬುಧವಾರ, ಬೆಳಿಗ್ಗೆ 5:50

ಬೆಳಿಗ್ಗೆ ಬೇಗ ಎಚ್ಚರ ಆಗುತ್ತೆ, ಎಲ್ಲ ಓದಿದೆ. ನಾನು ಚಾಮರಾಜನಗರ ಜಿಲ್ಲೆಯಲ್ಲಿ ಮೇಷ್ಟ್ರಾಗಿದ್ದವನು. 2004ರಲ್ಲಿ ಇಸ್ರೋ ಎಜುಸ್ಯಾಟ್ ಹಾರಿಸಿದ ಮೇಲೆ ನಮ್ಮ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಡಿಶ್, ಟಿವಿ ಬಂದವು. ಆಕಾಶದಿಂದ ಪಾಠ. ವಿಟಿಯು ಕೂಡ ಎಂಜಿನಿಯರಿಂಗ್ ಕಾಲೇಜುಗಳಿಗೆ ಅದೇ ಉಪಗ್ರಹದಲ್ಲಿ ಕ್ಲಾಸ್ ಮಾಡುತ್ತಿತ್ತು. ಒಂದು ಶಾಲೆ ನೋಡಿದರೂ ಅಷ್ಟೇ, ಸಾವಿರ ಶಾಲೆ ನೋಡಿದರೂ ಅಷ್ಟೇ. ಜನ ಜಾಸ್ತಿ ಆದರು ಅಂತ ಉಪಗ್ರಹ ಸುಸ್ತಾಗುತ್ತಿರಲಿಲ್ಲ. ಕರೆಂಟ್ ಹೋಗುತ್ತಿತ್ತು, ಅದು ಬೇರೆ ವಿಷಯ. 2020ರಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಬಂದಾಗಲೂ ಹಾಗೇ.

ಅದಕ್ಕೇ ಕೇಳುತ್ತಿದ್ದೇನೆ. ಇಪ್ಪತ್ತು ವರ್ಷ ಮುಂದೆ ಬಂದಮೇಲೆ 420 ಮಕ್ಕಳಿಗೆ ಕಷ್ಟ ಆಗುತ್ತೆ ಅಂದರೆ ಏನಿದು?

ಲಾಗ್_ನೋಡೋಣ · ಬುಧವಾರ, ಬೆಳಿಗ್ಗೆ 10:20

ಮೇಷ್ಟ್ರೇ, ನಿಮ್ಮ ಪ್ರಶ್ನೆ ಬಹಳ ಚೆನ್ನಾಗಿದೆ. ಡಿಶ್ ಬರೀ ಕೇಳಿಸಿಕೊಳ್ಳುತ್ತಿತ್ತು, ತಿರುಗಿ ಮಾತಾಡುತ್ತಿರಲಿಲ್ಲ. ಪಾಠ ಎಲ್ಲರಿಗೂ ಒಂದೇ. ಹಾಗಾಗಿ ಒಂದು ಪ್ರತಿ ಸಾಕು. ಈಗಲೂ ಪಾಠದ ವಿಡಿಯೋ ಯೂಟ್ಯೂಬ್‌ನಲ್ಲಿ ಇಟ್ಟರೆ ಯಾರ ಸರ್ವರೂ ಮಲಗಲ್ಲ. ಐಐಟಿ, ಐಐಎಸ್‌ಸಿಗಳ ಆನ್‌ಲೈನ್ ಪಾಠ ಯೋಜನೆ ಎನ್‌ಪಿಟಿಇಎಲ್‌ನವರು ಅಷ್ಟು ಕೋರ್ಸಿನ ವಿಡಿಯೋ ಅಲ್ಲೇ ಇಟ್ಟಿದ್ದಾರೆ. ಕಾಲೇಜಿನ ಸರ್ವರ್‌ಗೆ ವಿಡಿಯೋ ಹಾಕುವವರನ್ನು ಕಂಡರೆ ನನಗೆ ಕೋಪ ಬರುತ್ತೆ, ಅದು ಬೇರೆ.

ಟೆಸ್ಟ್ ಹಾಗಲ್ಲ. ಪ್ರತಿ ಹುಡುಗನಿಗೂ ಬೇರೆ ಪುಟ, ಬೇರೆ ಗಡಿಯಾರ, ಬೇರೆ ಉತ್ತರ. ಒಬ್ಬನ ಪುಟ ಇನ್ನೊಬ್ಬನಿಗೆ ಕೊಡಲು ಆಗಲ್ಲ. ಯಾರಾದರೂ ‘ಸಿಡಿಎನ್ ಹಾಕಿ, ಎಲ್ಲ ಸರಿಯಾಗುತ್ತೆ’ ಅಂದರೆ ಇದೇ ಉತ್ತರ ಕೊಡಿ. ಸಿಡಿಎನ್ ಅಂದರೆ ಊರೂರಲ್ಲಿ ಪ್ರತಿ ಇಟ್ಟುಕೊಳ್ಳುವ ಸರ್ವರ್‌ಗಳ ಜಾಲ. ಅದು ಲೋಗೋ, ಬಣ್ಣ, ಫಾಂಟ್ ಇಂಥದ್ದನ್ನು ಹತ್ತಿರದಿಂದ ಕೊಡುತ್ತೆ. ಕ್ವಿಜ್ ಪುಟ ಪ್ರತಿ ಸಲ ನಿಮ್ಮ ಸರ್ವರೇ ಹೊಸದಾಗಿ ಬೇಯಿಸಬೇಕು.

ಸುಮ್ನೆ_ಒಂದ್_ಮಾತು · ಬುಧವಾರ, ಬೆಳಿಗ್ಗೆ 10:41

ನಾನು ಮತ್ತೆ ಬಂದೆ. ಗೂಗಲ್ ಫಾರ್ಮ್‌ನಲ್ಲಿ ಇದ್ಯಾವ ತಲೆನೋವೂ ಇಲ್ಲ, ಅಲ್ವಾ?

ಲಾಗ್_ನೋಡೋಣ · ಬುಧವಾರ, ಬೆಳಿಗ್ಗೆ 11:05

ಇಲ್ಲ. ಹತ್ತು ಪ್ರಶ್ನೆಯ ಕ್ಲಾಸ್ ಟೆಸ್ಟ್ ಆದರೆ ನಾನೂ ಅದನ್ನೇ ಹೇಳುತ್ತೇನೆ, ಜಗಳ ಇಲ್ಲ. ಆದರೆ ಅದರೊಳಗೆ ಪ್ರತಿ ಹುಡುಗನಿಗೆ ಗಡಿಯಾರ ಇಲ್ಲ. ಪ್ರಶ್ನೆಬ್ಯಾಂಕಿನಿಂದ ಒಬ್ಬೊಬ್ಬರಿಗೆ ಬೇರೆ ಬೇರೆ ಪ್ರಶ್ನೆ ಕೊಡಲು ಬರಲ್ಲ. ಇಂಟರ್ನಲ್ ಮಾರ್ಕ್ಸ್ ಅಂದಮೇಲೆ ಆಮೇಲೆ ತಕರಾರು ಬಂದರೆ ತೋರಿಸಲು ಲಾಗ್ (ಯಾರು ಯಾವಾಗ ಏನು ಮಾಡಿದರು ಅನ್ನುವ ದಾಖಲೆ) ಬೇಕು. ಅದು ಮೂಡಲ್‌ನಲ್ಲಿದೆ. 2002ರಿಂದ ಬೆಳೆದು ಬಂದ ಸಾಫ್ಟ್‌ವೇರ್, ಭಾರ ಇದೆ, ಆದರೆ ಕೆಲಸ ಬಲ್ಲದು.

ಹೇಮಾವತಿ_ಮೇಷ್ಟ್ರು · ಬುಧವಾರ, ರಾತ್ರಿ 8:30

ಟಿಕೆಟ್ ಅಣ್ಣ, ನಿಮ್ಮ ಬಾಯಿಗೆ ಸಕ್ಕರೆ. ಐಪಿ ಬ್ಲಾಕ್ ಆಗಿದ್ದು ನಿಜ, ಒಪ್ಪಿಕೊಂಡರು. ಲ್ಯಾಬಿನ ಗುಟ್ಟು ರಟ್ಟಾಯ್ತು.

ಪ್ರಿನ್ಸಿಪಾಲರಿಗೆ 17 ನಿಮಿಷದ ಲೆಕ್ಕ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಅವರು ಗಣಿತದವರು, ತಕ್ಷಣ ಹಿಡಿಸಿತು. ‘ಹಾಗಾದರೆ ಕ್ಲೌಡ್ ತಗೊಳ್ಳಿ, ಅದಕ್ಕೆ ಮಿತಿಯೇ ಇಲ್ಲವಂತೆ’ ಅಂದರು. ಈಗ ಹೇಳಿ, ಕ್ಲೌಡ್ ಅಂದರೆ ಯಾವುದು, ಎಷ್ಟು?

ಟಿಕೆಟ್_ನಂಬರ್_7 · ಬುಧವಾರ, ರಾತ್ರಿ 9:15

ಕ್ಲೌಡ್‌ಗೂ ಮಿತಿ ಇದೆ, ಬಾಡಿಗೆ ಗಂಟೆ ಲೆಕ್ಕ ಅಷ್ಟೆ. ಅದೇ ಅದರ ಲಾಭ. ಟೆಸ್ಟಿನ ದಿನ 8 ಕೋರ್, ಉಳಿದ ದಿನ 2 ಕೋರ್. ಮದುವೆಗೆ ಶಾಮಿಯಾನ ಹಾಕಿಸಿದ ಹಾಗೆ. ಒಂದು ಎಚ್ಚರ: ದೊಡ್ಡದು ಮಾಡುವಾಗ ಸಿಪಿಯು, ರ‍್ಯಾಮ್ ಮಾತ್ರ ಏರಿಸಿ. ಡಿಸ್ಕ್ ಮುಟ್ಟಬೇಡಿ. ಡಿಸ್ಕ್ ಒಮ್ಮೆ ಹಿಗ್ಗಿಸಿದರೆ ಸಲೀಸಾಗಿ ಕುಗ್ಗಿಸಲು ಬರಲ್ಲ.

ಇನ್ನೊಂದು, ತುಂಬಾ ಜನ ಬೀಳುವ ಗುಂಡಿ. ಅಗ್ಗದ ಮೆಷಿನ್‌ಗಳಲ್ಲಿ ಒಂದು ಜಾತಿ ಇದೆ, ‘ಬರ್ಸ್ಟಬಲ್’ ಅಂತ. ಅಮೆಜಾನ್‌ನಲ್ಲಿ ‘ಟಿ’ ಅಕ್ಷರದಿಂದ ಶುರುವಾಗುವವು ಅವು. ಸುಮ್ಮನೆ ಕೂತಾಗ ಕ್ರೆಡಿಟ್ ಕೂಡಿಡುತ್ತೆ, ಕೆಲಸ ಬಂದಾಗ ಖರ್ಚು ಮಾಡುತ್ತೆ. ಒಂದು ಕ್ರೆಡಿಟ್ ಅಂದರೆ ಒಂದು ಕೋರ್ ಪೂರ್ತಿ ವೇಗದಲ್ಲಿ ಒಂದು ನಿಮಿಷ. ಕ್ರೆಡಿಟ್ ಮುಗಿದರೆ, ಸೆಟ್ಟಿಂಗ್ ನೋಡಿಕೊಂಡು, ಒಂದೋ ವೇಗ ಹತ್ತಿಪ್ಪತ್ತು ಪರ್ಸೆಂಟಿಗೆ ಇಳಿಯುತ್ತೆ, ಇಲ್ಲ ಬಿಲ್ ಏರುತ್ತೆ. ನೋಟ್ಸ್ ಸೈಟಿಗೆ ಇದು ಹೇಳಿ ಮಾಡಿಸಿದ್ದು. ಒಂದಾದ ಮೇಲೊಂದು ಟೆಸ್ಟ್ ಇರುವ ದಿನಕ್ಕೆ ಅಲ್ಲ. ಹತ್ತರ ಟೆಸ್ಟ್ ಚೆನ್ನಾಗಿ ಆಗುತ್ತೆ, ಮಧ್ಯಾಹ್ನ ಎರಡರದ್ದು ಮಕಾಡೆ ಮಲಗುತ್ತೆ. ಯಾಕೆ ಅಂತ ಯಾರಿಗೂ ಗೊತ್ತಾಗಲ್ಲ.

ಊರು? ಮುಂಬೈ ಸಾಕು. ಅಮೆಜಾನ್ 2016ರಿಂದ, ಗೂಗಲ್ 2017ರಿಂದ ಅಲ್ಲಿದೆ. ಇನ್ನೊಂದು ಕ್ಲೌಡ್ ಕಂಪನಿ ಡಿಜಿಟಲ್ ಓಶನ್‌ಗೆ ಬೆಂಗಳೂರಿನಲ್ಲೇ ಡೇಟಾ ಸೆಂಟರ್ ಇದೆ.

ಲಾಗ್_ನೋಡೋಣ · ಬುಧವಾರ, ರಾತ್ರಿ 10:00

ಊರಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 240 ಮಿಲಿಸೆಕೆಂಡ್ ಪಿಂಗ್ ಅಂದರೆ ನಿಮ್ಮ ಸರ್ವರ್ ಬಹುಶಃ ಅಮೆರಿಕದಲ್ಲಿದೆ. ಹೊಸದಾಗಿ ಎಚ್‌ಟಿಟಿಪಿಎಸ್ (ಸುರಕ್ಷಿತ) ಸಂಪರ್ಕ ಆಗುವಾಗ ಹೋಗಿ ಬರುವುದು ಕನಿಷ್ಠ ಮೂರು ಸಲ. ನಮಸ್ಕಾರಕ್ಕೊಂದು, ಬೀಗದ ಕೈ ಬದಲಾಯಿಸಲು ಒಂದು, ಪುಟ ಕೇಳಲು ಒಂದು. 720 ಮಿಲಿಸೆಕೆಂಡ್ ಬರೀ ಓಡಾಟಕ್ಕೆ. ಮುಂಬೈಗೆ 25–30 ಆದರೆ ಒಟ್ಟು 90ರ ಒಳಗೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತೆ. ದುಡ್ಡು ಕೊಟ್ಟರೂ ಅದಕ್ಕಿಂತ ಜೋರಾಗಿ ಹೋಗಲ್ಲ. ಮುಂಬೈಯೋ ಬೆಂಗಳೂರೋ ಅಂತ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ, ಮಕ್ಕಳಿಗೆ ಅದು ಗೊತ್ತೇ ಆಗಲ್ಲ.

ನನ್ನ ಲೆಕ್ಕದಲ್ಲಿ ನಿಮಗೆ 4 ಕೋರ್, 8 ಜಿಬಿ ಸಾಕು, ಅದೂ ಟೆಸ್ಟಿನ ದಿನ. ಆದರೆ ಹಾಗೇ ಹಾಕಿದರೆ ಪ್ರಯೋಜನ ಇಲ್ಲ. ಉಬುಂಟುವಿನಲ್ಲಿ (ಸರ್ವರ್‌ನ ಆಪರೇಟಿಂಗ್ ಸಿಸ್ಟಂ) ಪುಟ ತಯಾರಿಸುವ ಪಿಎಚ್‌ಪಿ-ಎಫ್‌ಪಿಎಂ ಹಾಕಿದಾಗ ಒಳಗೆ ಕೂರುವ ಕೆಲಸಗಾರರ ಸಂಖ್ಯೆ ಬರೀ 5. ಡೇಟಾಬೇಸ್ ಆದ ಮೈಎಸ್‌ಕ್ಯುಎಲ್ ತನ್ನ ಮುಖ್ಯ ನೆನಪಿಗೆ 128 ಎಂಬಿ ಮಾತ್ರ ಇಟ್ಟುಕೊಂಡಿರುತ್ತೆ. 64 ಜಿಬಿ ಮೆಷಿನ್ ಕೊಂಡರೂ ಇವು ತಾವಾಗಿ ಬದಲಾಗಲ್ಲ. ಎಂಟು ಬರ್ನರ್ ಒಲೆ ತಂದು ಒಂದೇ ಹಚ್ಚಿದ ಹಾಗೆ. ಕೆಲಸಗಾರ ಒಬ್ಬನಿಗೆ ಸುಮಾರು 80–100 ಎಂಬಿ ಅಂತ ಇಟ್ಟು ಲೆಕ್ಕ ಹಾಕಿ, 30ರಿಂದ 40 ಕೊಡಿ. ಡೇಟಾಬೇಸಿಗೆ 2 ಜಿಬಿ. ಓಪ್‌ಕ್ಯಾಶ್ ಆನ್ ಇರಲಿ, ಇಲ್ಲದಿದ್ದರೆ ಪ್ರತಿ ಪುಟಕ್ಕೂ ಮೂಡಲ್‌ನ ನೂರಾರು ಫೈಲ್‌ಗಳನ್ನು ಮೊದಲಿನಿಂದ ಓದಿ ಅರ್ಥ ಮಾಡಿಕೊಳ್ಳುತ್ತೆ. ಸೆಷನ್ (ಯಾರು ಲಾಗಿನ್ ಆಗಿದ್ದಾರೆ ಅನ್ನುವ ಲೆಕ್ಕ), ಕ್ಯಾಶೆ (ಮತ್ತೆ ಮತ್ತೆ ಬೇಕಾಗುವ ಮಾಹಿತಿಯ ಪ್ರತಿ) ಎರಡನ್ನೂ ರ‍್ಯಾಮಿನಲ್ಲೇ ಇಟ್ಟುಕೊಳ್ಳುವ ರೆಡಿಸ್‌ಗೆ ಹಾಕಿ.

ಕ್ವಿಜ್‌ನಲ್ಲಿ ಪುಟಕ್ಕೆ 5 ಪ್ರಶ್ನೆ ಇಡಿ. ಒಂದೊಂದೇ ಇಟ್ಟರೆ 420 × 30 = 12,600 ಪುಟ. ಐದೈದು ಇಟ್ಟರೆ 2,520. ಎಲ್ಲವನ್ನೂ ಒಂದೇ ಪುಟದಲ್ಲಿ ಇಟ್ಟರೆ ಇನ್ನೂ ಕಡಿಮೆ, ಆದರೆ ಪುಟ ಅರ್ಧ ಬಂದು ನಿಂತರೆ ಪೂರ್ತಿ ಹೋಯ್ತು. ಉತ್ತರ ತಾನಾಗಿ ಉಳಿಯುವ ಆಟೋಸೇವ್ ನಿಮಿಷಕ್ಕೊಮ್ಮೆ ಇರುತ್ತೆ. ಎಲ್ಲರೂ ಉತ್ತರ ಬದಲಿಸುತ್ತಾ ಇದ್ದರೆ 420 ಮಕ್ಕಳಿಂದ ಸೆಕೆಂಡಿಗೆ 7 ಕೋರಿಕೆ. ಕೆಲವರು ಇದನ್ನು ಐದು ನಿಮಿಷ ಮಾಡು ಅನ್ನುತ್ತಾರೆ. ಆ ತಂಗಿಯ ಬಂಡೆ ನೆನೆಸಿಕೊಂಡರೆ ನಾನು ಮಾಡಲ್ಲ.

ನಿವೃತ್ತ_ಚಾಕ್‌ಪೀಸ್ · ಗುರುವಾರ, ಬೆಳಿಗ್ಗೆ 6:05

ಒಂದು ದಡ್ಡ ಪ್ರಶ್ನೆ. ಎಲ್ಲರಿಗೂ ಹತ್ತೇ ಗಂಟೆ ಯಾಕೆ? ರೈಲಿನ ತತ್ಕಾಲ್‌ನಲ್ಲಿ ಎಸಿಗೆ 10, ನಾನ್ ಎಸಿಗೆ 11 ಅಂತ ಬೇರೆ ಮಾಡಿಲ್ಲವಾ? ನಮ್ಮ ಶಾಲೆಯಲ್ಲಿ ಬಿಸಿಯೂಟಕ್ಕೂ ಒಂದರಿಂದ ಐದು ಮೊದಲು, ಆರು ಏಳು ಆಮೇಲೆ. ತಟ್ಟೆ ಅಷ್ಟೇ ಇದ್ದವು.

ಲಾಗ್_ನೋಡೋಣ · ಗುರುವಾರ, ಬೆಳಿಗ್ಗೆ 9:30

ದಡ್ಡ ಪ್ರಶ್ನೆ ಅಲ್ಲ, ಮೂರು ದಿನದಿಂದ ನಾನು ಬರೆದಿದ್ದೆಲ್ಲಕ್ಕಿಂತ ಅಗ್ಗದ ಉತ್ತರ. ನಾನೇ ಮೊದಲು ಹೇಳಬೇಕಿತ್ತು. ಮೂಡಲ್‌ನಲ್ಲಿ ‘ಗ್ರೂಪ್ ಓವರ್‌ರೈಡ್’ ಇದೆ. ಎ ಸೆಕ್ಷನ್ 10:00, ಬಿ 10:10, ಸಿ 10:20. ಪ್ರಶ್ನೆಬ್ಯಾಂಕ್‌ನಲ್ಲಿ 90 ಪ್ರಶ್ನೆ ಇಟ್ಟು ಒಬ್ಬೊಬ್ಬರಿಗೆ 30 ಕೊಟ್ಟರೆ ‘ಏನ್ ಬಂತೋ’ ಅಂತ ವಾಟ್ಸಾಪ್‌ನಲ್ಲಿ ಕೇಳಿ ಲಾಭ ಇಲ್ಲ. ಜೊತೆಗೆ ಎಲ್ಲರೂ 9:30ಕ್ಕೇ ಲಾಗಿನ್ ಆಗಿ ಕೂರಲಿ. ಪಾಸ್‌ವರ್ಡ್ ಪರೀಕ್ಷೆ ಬೇಕೆಂದೇ ನಿಧಾನವಾಗಿ ಮಾಡಿರುವ ಕೆಲಸ, ಕಳ್ಳರಿಗೆ ಕಷ್ಟ ಆಗಲಿ ಅಂತ. ಅದು ಹತ್ತು ಗಂಟೆಯ ಗುಂಪಿನಲ್ಲಿ ಸೇರಬಾರದು.

ಹೇಮಾವತಿ_ಮೇಷ್ಟ್ರು · ಎರಡು ವಾರದ ನಂತರ, ಭಾನುವಾರ, ರಾತ್ರಿ 11:20

ಎಲ್ಲ ಮಾಡಿದೆ. ಮುಂಬೈನಲ್ಲಿ ಕ್ಲೌಡ್‌ನ ಒಂದು ವರ್ಚುವಲ್ ಮೆಷಿನ್, ಸದ್ಯ 2 ಕೋರ್, ತಿಂಗಳಿಗೆ 2 ಸಾವಿರದ ಚಿಲ್ಲರೆ. ನುಡಿ ಪ್ರಶ್ನೆಗಳು ಯೂನಿಕೋಡ್ ಆದವು (‘ಕರ್ನಾಟಕ’ ನಾಲ್ಕು ಕಡೆ ಒಡೆದಿತ್ತು, ಮೇಡಂ ಹೇಳಿದ್ದು ನಿಜ).

ಶನಿವಾರ 30 ಮಕ್ಕಳನ್ನು ಕೂರಿಸಿ ಸುಳ್ಳು ಟೆಸ್ಟ್ ಇಟ್ಟೆ. 10 ಗಂಟೆಗೆ ತೆರೆಯಲೇ ಇಲ್ಲ! ಎದೆ ಒಡೆಯಿತು. ನೋಡಿದರೆ ಹೊಸ ಸರ್ವರ್ ಗಡಿಯಾರ ಯುಟಿಸಿಯಲ್ಲಿತ್ತು (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಹೊತ್ತು), ಮೂಡಲ್ ಅದನ್ನೇ ನಂಬಿಕೊಂಡಿತ್ತು. ನಾನು ಹಾಕಿದ 10 ಗಂಟೆ ಅದರ ಲೆಕ್ಕದಲ್ಲಿ ನಮ್ಮ ಮಧ್ಯಾಹ್ನ 3:30. ಏಷ್ಯಾ/ಕೋಲ್ಕತಾ ಅಂತ ಬದಲಿಸಿ, ಕ್ವಿಜ್‌ನ ಹೊತ್ತು ಮತ್ತೆ ಹಾಕಿ ಶುರು ಮಾಡಿದೆ. ಚೆನ್ನಾಗಿ ನಡೆಯಿತು. ಆದರೆ ಅರ್ಧಕ್ಕೆ ಬ್ರೌಸರ್ ಮುಚ್ಚಿದ ಐದು ಮಕ್ಕಳ ಉತ್ತರ ಸಂಜೆಯಾದರೂ ‘ನಡೆಯುತ್ತಿದೆ’ ಅಂತಲೇ ತೋರಿಸುತ್ತಿದೆ. ಹೊತ್ತು ಮುಗಿದ ಮೇಲೆ ತಾನಾಗಿ ಸಲ್ಲಿಕೆ ಆಗಬೇಕಲ್ಲವಾ?

ಲಾಗ್_ನೋಡೋಣ · ಸೋಮವಾರ, ಬೆಳಿಗ್ಗೆ 7:40

ಕ್ರಾನ್ (ಹೊತ್ತು ಹೊತ್ತಿಗೆ ತಾನಾಗಿ ಕೆಲಸ ಓಡಿಸುವ ವ್ಯವಸ್ಥೆ) ಹಾಕಿಲ್ಲ ನೀವು. ಹಳೆಯ ಕಡೆ ಯಾರೋ ಹಾಕಿದ್ದರು, ಹೊಸ ಮನೆಗೆ ಬರುವಾಗ ಅದು ಬರಲಿಲ್ಲ. ನಿಮಿಷಕ್ಕೊಮ್ಮೆ ಓಡುವ ಹಾಗೆ ಮಾಡಿ. ಮುಚ್ಚಿಹೋದ ಟೆಸ್ಟ್ ಸಲ್ಲಿಸುವುದು ಅದೇ. ಹಾಕಿದ ಸ್ವಲ್ಪ ಹೊತ್ತಿಗೆ ಆ ಐದೂ ಸರಿಯಾಗುತ್ತವೆ.

30 ಮಕ್ಕಳ ಟೆಸ್ಟ್ ನಂಬಿ ಕೂರಬೇಡಿ. ಡೆವಲಪರ್ ಡಿಬಗ್ (ತಪ್ಪು ಹುಡುಕುವ ಸೆಟ್ಟಿಂಗ್) ಆನ್ ಮಾಡಿದರೆ ಮೂಡಲ್ ತಾನೇ ಜೆಮೀಟರ್ (ಸರ್ವರ್ ಎಷ್ಟು ಜನರನ್ನು ತಾಳುತ್ತೆ ಅಂತ ಪರೀಕ್ಷಿಸುವ ಸಾಧನ) ಪ್ಲಾನ್ ಬರೆದು ಕೊಡುತ್ತೆ. ಅದನ್ನು ಬೇರೆ ಕಂಪ್ಯೂಟರಿನಿಂದ ಓಡಿಸಿ, 150 ಸುಳ್ಳು ಮಕ್ಕಳನ್ನು ಒಟ್ಟಿಗೆ ನುಗ್ಗಿಸಿ. ರಾತ್ರಿ ಹೊತ್ತು ಮಾಡಿ. ಆಮೇಲೆ ಡಿಬಗ್ ಆಫ್ ಮಾಡುವುದು ಮರೆಯಬೇಡಿ.

ಹೇಮಾವತಿ_ಮೇಷ್ಟ್ರು · ಗುರುವಾರ, ಮಧ್ಯಾಹ್ನ 12:10

ಆಯ್ತು! ಇವತ್ತು ನಿಜವಾದ ಟೆಸ್ಟ್. ಹಿಂದಿನ ರಾತ್ರಿ 4 ಕೋರಿಗೆ ಏರಿಸಿದ್ದೆ. ಮೂರು ಗುಂಪು. ಸಿಪಿಯು ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಗೀಟು 10:00ಕ್ಕೆ ಎದ್ದಿತು, 60 ಪರ್ಸೆಂಟ್ ದಾಟಲಿಲ್ಲ. ಲ್ಯಾಬಿನವರಿಗೂ ಬಂತು, ನಮ್ಮ ಐಪಿಯನ್ನು ಫೈರ್‌ವಾಲ್‌ಗೆ ಮೊದಲೇ ಪರಿಚಯ ಮಾಡಿಸಿದ್ದೆ.

ನಾನು ಯೋಚಿಸದೇ ಇದ್ದದ್ದು ಒಂದು. 10:30ರ ಹತ್ತಿರ ಗೀಟು ಮತ್ತೆ ಎದ್ದಿತು, 10:00ಕ್ಕಿಂತ ಎತ್ತರ. ಎ ಗುಂಪಿನವರೆಲ್ಲ ಕೊನೆಯ ನಿಮಿಷದವರೆಗೂ ಕೂತು ಒಟ್ಟಿಗೆ ಸಲ್ಲಿಸಿದರು. ಮಕ್ಕಳು ಮಕ್ಕಳೇ.

420ರಲ್ಲಿ 411 ಜನ ಮುಗಿಸಿದರು. ಆರು ಜನ ಬರಲೇ ಇಲ್ಲ. ಇಬ್ಬರಿಗೆ ಪಾಸ್‌ವರ್ಡ್ ಮರೆತಿತ್ತು. ಒಬ್ಬಳಿಗೆ ಸಕಲೇಶಪುರ ಕಡೆ ಮಳೆ, ನೆಟ್‌ವರ್ಕ್ ಪೂರ್ತಿ ಹೋಗಿತ್ತು. ಅವಳಿಗೆ ಸೋಮವಾರ ಕಾಲೇಜಿನಲ್ಲಿ ಪೇಪರ್ ಮೇಲೆ ಟೆಸ್ಟ್ ಇಟ್ಟಿದ್ದೇನೆ.

ಕಾಫಿತೋಟ_ಬಿಎಸ್ಸಿ · ಗುರುವಾರ, ಮಧ್ಯಾಹ್ನ 12:45

ಸರ್, ಮೂಡಲ್ ಮೊಬೈಲ್ ಆ್ಯಪ್‌ನಲ್ಲಿ ಕ್ವಿಜ್ ಮೊದಲೇ ಇಳಿಸಿಕೊಂಡು ನೆಟ್ ಇಲ್ಲದೆ ಬರೆಯುವ ಸೆಟ್ಟಿಂಗ್ ಇದೆಯಂತಲ್ಲ, ಅವಳಿಗೆ ಅದು ಆಗುತ್ತಿರಲಿಲ್ಲವಾ?

ಲಾಗ್_ನೋಡೋಣ · ಗುರುವಾರ, ಮಧ್ಯಾಹ್ನ 1:20

ಇದೆ ತಂಗಿ, ಆದರೆ ಗಡಿಯಾರ ಇರುವ ಟೆಸ್ಟಿಗೆ ಅದು ನಡೆಯಲ್ಲ. ವಾರದ ಅಭ್ಯಾಸದ ಕ್ವಿಜ್‌ಗೆ ಆನ್ ಮಾಡಿಡಲು ನಿಮ್ಮ ಮೇಷ್ಟ್ರಿಗೆ ಹೇಳು. ಅದೇ ನಿಜವಾದ ಉಪಯೋಗ. ಟೆಸ್ಟಿಗೆ ಪೇಪರ್ ಇಟ್ಟಿದ್ದು ಸರಿ ಮಾಡಿದ್ದಾರೆ.

ಸುಮ್ನೆ_ಒಂದ್_ಮಾತು · ಗುರುವಾರ, ಮಧ್ಯಾಹ್ನ 2:00

ಸರಿ ಸರ್, ಬಾವಿ ತೋಡಿದಿರಿ, ನೀರು ಬಂತು. ಒಪ್ಪಿದೆ. 38 ಸಾವಿರ ಉಳಿಯಿತಲ್ಲ, ಪಾರ್ಟಿ ಯಾವಾಗ?

ಹೇಮಾವತಿ_ಮೇಷ್ಟ್ರು · ಗುರುವಾರ, ಸಂಜೆ 5:35

ಪಾರ್ಟಿ ಇರಲಿ. ಮೊದಲ ತಿಂಗಳ ಬಿಲ್ ನನ್ನ ಕಾರ್ಡಿನಿಂದಲೇ ಕಟ್ಟಿದ್ದೆ. ಬಿಲ್ಲಿನಲ್ಲಿ ಕಾಲೇಜಿನ ಹೆಸರಿಲ್ಲ, ಅದೂ ಅಲ್ಲದೆ ತಿಂಗಳಿಂದ ತಿಂಗಳಿಗೆ ಮೊತ್ತ ಬದಲಾಗುತ್ತೆ ಅಂದರೆ ಹೇಗೆ ಅಂತ ಆಫೀಸಿನವರು ವಾಪಸ್ ಕಳಿಸಿದ್ದಾರೆ. ಮೂರು ಕೊಟೇಶನ್ ಬೇಕಂತೆ. ಗಂಟೆ ಲೆಕ್ಕದ ಸರ್ವರ್‌ಗೆ ಕೊಟೇಶನ್ ಕೊಡುವವರು ಯಾರಾದರೂ ಗೊತ್ತಾ?

ಟಿಕೆಟ್_ನಂಬರ್_7 · ಗುರುವಾರ, ಸಂಜೆ 5:50

ಇನ್‌ಬಾಕ್ಸ್ ನೋಡಿ ಸರ್. ಮೊದಲು ಅಕೌಂಟ್ ಸೆಟ್ಟಿಂಗ್‌ನಲ್ಲಿ ಕಾಲೇಜಿನ ಹೆಸರು ಹಾಕಿ, ಜಿಎಸ್‌ಟಿ ನಂಬರ್ ಇದ್ದರೆ ಅದನ್ನೂ. ಮುಂದಿನ ತಿಂಗಳಿನಿಂದ ಬಿಲ್ ಅದೇ ಹೆಸರಿಗೆ ಬರುತ್ತೆ. ಹಳೆಯದಕ್ಕೆ ಒಂದು ಟಿಕೆಟ್ ಹಾಕಿ ನೋಡಿ. ‘ಬಿಲ್ ಸರಿಯಿಲ್ಲ’ ಅಂತ ಬರೆಯಬೇಡಿ, ಬಿಲ್ ನಂಬರ್ ಸಮೇತ ಬರೆಯಿರಿ.